ಮ್ಯಾಕ್ಸಿಮನ ಕೋವಿ ಮತ್ತು ಸತ್ತವರ ಎಣಿಕೆ

ಕಳೆದ ವರ್ಷ ಬಿ.ಎ. ತರಗತಿಗೆ ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ತಾವನ್ನರಸುತ್ತ, ಶರಶಯ್ಯೆಯಲ್ಲಿ ಮಲಗಿರುವ ಭೀಷ್ಮನನ್ನು ಕಾಣಲು ಹೋಗುವ ಸಂದರ್ಭ. ದಾರಿಯಲ್ಲಿ ದ್ರೋಣನನ್ನು ಕಾಣುತ್ತಾನೆ, ದುಶ್ಶಾಸನನನ್ನು ಕಾಣುತ್ತಾನೆ, ಕರ್ಣನನ್ನು ಕಾಣುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಪರಾಕ್ರಮಕ್ಕೆ ತಲೆದೂಗುತ್ತಾನೆ. ಕನ್ನಡ ಕಾವ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗಗಳಲ್ಲಿ ಇದೊಂದು. ಪಾಠ ಹೇಳುವಾಗ ಸ್ವಲ್ಪ ಮೈಮರೆಯುವುದೂ ಉಂಟು. ಹಾಗೆ ಮೈಮರೆತಿದ್ದಾಗಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಹದಿನೆಂಟೇ ದಿನದಲ್ಲಿ ಹದಿನೆಂಟು ಅಕ್ಷೌಹಿಣಿ ಸೈನ್ಯ ಬಿಲ್ಲುಬಾಣದಿಂದ ಸಾಯುವುದು ಸಾಧ್ಯವೆ? ಅವರ ಹತ್ತಿರ ಮೆಷಿನ್‌ಗನ್ ಏನಾದರೂ ಇತ್ತೆ?"

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. "ಕವಿಗಳ ಅತಿಶಯೋಕ್ತಿಯಪ್ಪ ಅದು, ಲೆಕ್ಕಕ್ಕೆ ಹಿಡಿಯಬೇಡ" ಎಂದು ಹೇಳಿ ಅವನನ್ನು ಕೂರಿಸಿದೆ. ಆದರೆ ಆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು. ಅತಿಶಯೋಕ್ತಿ ಎಂಬ ಅಲಂಕಾರವು ಎಲ್ಲಿ ಮುಗಿದು ಲೆಕ್ಕವು ಎಲ್ಲಿ ಆರಂಭವಾಯಿತು? ಸಾವಿರಾರು ಮಂದಿಯನ್ನು ಒಬ್ಬನೇ ಕೊಲ್ಲುವುದು ಕವಿಯ ಮಾತಾಗಿದ್ದುದು ತಪ್ಪಿ ಸರಕಾರದ ಕಾಗದಪತ್ರಗಳಲ್ಲಿ ಬರೆಯುವ ಅಂಕಿಯಾದದ್ದು ಎಂದು? ಇಂಥ ವಿಚಾರ ಕನ್ನಡ ಅಧ್ಯಾಪಕನಿಗೆ ಸಲ್ಲದೆಂದು ಯಾರಾದರೂ ಹೇಳಿಯಾರು. ಯುದ್ಧವರ್ಣನೆಯನ್ನು ವರ್ಷವರ್ಷವೂ ಪಾಠ ಹೇಳುವವನಿಗೆ ಯುದ್ಧದ ವಿಚಾರ ಸ್ವಲ್ಪವಾದರೂ ತಿಳಿದಿರಬೇಕೆಂದು ನನ್ನ ಎಣಿಕೆ. ಕೆಲವು ತಿಂಗಳು ಗ್ರಂಥಭಂಡಾರದಲ್ಲಿ ಕುಳಿತು ಓದಿದೆ. ಓದಿದ್ದರಲ್ಲಿ ಮನಸ್ಸನ್ನು ಕಲಕಿದ ಕೆಲವನ್ನು ಇಲ್ಲಿ ಹೇಳುತ್ತೇನೆ. ಮೆಷಿನ್‌ಗನ್ ಎಂಬ ಹೆಸರನ್ನು ಕನ್ನಡಕ್ಕೆ ತರುವ ಹಟ ನನಗಿಲ್ಲ. ಆ ವಸ್ತುವಿಗೆ ನಮ್ಮ ಮಾತಿನಲ್ಲಿ ಹೆಸರಿಲ್ಲದಿದ್ದರೆ ಮಾತಿಗೇನೂ ಕೊರತೆಯಲ್ಲ.

ಈ ಕಥೆಯ ಮೊದಲಲ್ಲಿ ಒಬ್ಬ ವೈದ್ಯ ಬರುತ್ತಾನೆ. ಅಮೆರಿಕದ ರಿಚರ್ಡ್ ಗ್ಯಾಟ್ಲಿಂಗನು ವೈದ್ಯಶಾಸ್ತ್ರವನ್ನು ಓದಿದವನು; ಆದರೆ ವೃತ್ತಿ ನಡೆಸಲಿಲ್ಲ. ಅಲ್ಲಿಯ ಅಂತರ್ಯುದ್ಧದ ಕಾಲದಲ್ಲಿ, ಗುಂಡಿನಿಂದ ಸಾಯುವವರಿಗಿಂತ ರೋಗದಿಂದ ಸಾಯುವ ಸಿಪಾಯಿಗಳೇ ಹೆಚ್ಚೆಂಬುದನ್ನು ಕಂಡು ಅವನಿಗೊಂದು ಆಲೋಚನೆ ಹೊಳೆಯಿತು. ನೂರು ಜನರ ಕೆಲಸವನ್ನು ಒಬ್ಬನೇ ಮಾಡಬಲ್ಲ ಕೋವಿಯಿದ್ದರೆ ದೊಡ್ಡ ಸೈನ್ಯಗಳೇ ಬೇಕಾಗುವುದಿಲ್ಲ. ಸೈನ್ಯ ಚಿಕ್ಕದಾದರೆ ಸಾಯುವವರೂ ಕಡಮೆಯಾಗುತ್ತಾರೆ. ಹಲವು ನಳಿಗೆಗಳನ್ನು ಒಟ್ಟಾಗಿ ಜೋಡಿಸಿ ಹಿಡಿಕೆಯಿಂದ ತಿರುಗಿಸುವ ತನ್ನ ಯಂತ್ರಕ್ಕೆ ೧೮೬೨ರಲ್ಲಿ ಆತ ಹಕ್ಕುಪತ್ರ ಪಡೆದ. ಇದು ಬೂಟಾಟಿಕೆಯ ಮಾತೆಂದು ನನಗನ್ನಿಸುವುದಿಲ್ಲ. ಆತ ನಂಬಿಯೇ ಹೇಳಿದ್ದಾನು. ನೂರು ಜನರ ಕೆಲಸ ಒಬ್ಬನಿಂದಾದರೆ ಮಿಕ್ಕ ತೊಂಬತ್ತೊಂಬತ್ತು ಮಂದಿ ಮನೆಗೆ ಹೋಗುವರೆಂದು ಎಣಿಸಿದನಲ್ಲದೆ, ಅವರ ಕೈಗೂ ಅದೇ ಯಂತ್ರವನ್ನು ಕೊಟ್ಟು ನಿಲ್ಲಿಸುವರೆಂಬುದನ್ನು ಎಣಿಸಲಿಲ್ಲ.

ಗ್ಯಾಟ್ಲಿಂಗನ ಯಂತ್ರವನ್ನು ಕೈಯಿಂದ ತಿರುಗಿಸಬೇಕಾಗಿತ್ತು. ಆ ಕೈಯ ಕೆಲಸವನ್ನೂ ತಪ್ಪಿಸಿದವನು ಹೈರಂ ಮ್ಯಾಕ್ಸಿಂ. ೧೮೪೦ರಲ್ಲಿ ಅಮೆರಿಕದ ಮೇಯ್ನ್ ಪ್ರಾಂತದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದವನು. ಕೋವಿ ಹಾರಿಸಿದಾಗ ಅದು ಭುಜಕ್ಕೆ ಒದೆಯುತ್ತದೆ. ಬೇಟೆಯಾಡಿದವರಿಗೆಲ್ಲ ತಿಳಿದ ಮಾತು. ಆ ಒದೆತದಿಂದ ಭುಜ ನೋಯಿಸಿಕೊಂಡವರು ಲಕ್ಷಗಟ್ಟಲೆ. ಅದು ವ್ಯರ್ಥವಾಗಿ ಹೋಗುತ್ತಿರುವ ಶಕ್ತಿ ಎಂದು ಕಂಡವನು ಮ್ಯಾಕ್ಸಿಂ. ಹ್ಯಾಟನ್ ಗಾರ್ಡನ್ ಎಂಬ ಬೀದಿಯ ಸಣ್ಣ ಕಾರ್ಖಾನೆಯಲ್ಲಿ ಕುಳಿತು ೧೮೮೪ರ ಹೊತ್ತಿಗೆ ಅವನು ಸಿದ್ಧಪಡಿಸಿದ ಕೋವಿಯಲ್ಲಿ ಆ ಒದೆತವೇ ಆಳಾಗಿ ದುಡಿಯುತ್ತದೆ: ಸುಟ್ಟ ತೋಟೆಯನ್ನು ಹೊರಗೆಸೆಯುತ್ತದೆ, ಪಟ್ಟಿಯಿಂದ ಮತ್ತೊಂದನ್ನು ಒಳಗೆಳೆಯುತ್ತದೆ, ಸ್ಪ್ರಿಂಗನ್ನು ಬಿಗಿದು ಅದನ್ನೂ ಹಾರಿಸುತ್ತದೆ. ಹೆಬ್ಬೆರಳುಗಳಿಂದ ಗುಂಡಿಯನ್ನು ಒತ್ತಿ ಹಿಡಿದಿದ್ದರಾಯಿತು. ನಿಮಿಷಕ್ಕೆ ಸುಮಾರು ೬೦೦ ಗುಂಡು. ನಳಿಗೆ ಕಾದು ಕೆಂಪಾಗದಂತೆ ಅದರ ಸುತ್ತ ನೀರು ತುಂಬಿದ ಕವಚ. ಎಡೆಬಿಡದೆ ಕೆಲವು ನಿಮಿಷ ಹಾರಿಸಿದರೆ ಆ ನೀರು ಕುದಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷ್ ಸಿಪಾಯಿಗಳು ಆ ಬಿಸಿನೀರಿನಿಂದ ಚಹಾ ಕಾಸಿಕೊಳ್ಳುತ್ತಿದ್ದರೆಂಬ ಕಥೆ ಪ್ರಸಿದ್ಧವಾಗಿದೆ.

ಮ್ಯಾಕ್ಸಿಮನ ಬಗೆಗೆ ಇನ್ನೂ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ತನ್ನ ಕೋವಿಗಳ ಸದ್ದಿನಲ್ಲಿಯೇ ಬಾಳಿದ ಆತನಿಗೆ ಮುಪ್ಪಿನಲ್ಲಿ ಕಿವಿ ಪೂರ್ತಿ ಕೇಳದಾಯಿತು. ಎದೆಗೂಡಿನ ಬೇನೆಯಿಂದ ನರಳುತ್ತಿದ್ದುದರಿಂದ, ಔಷಧದ ಹಬೆಯನ್ನು ಗಂಟಲಿಗೆ ಎಳೆದುಕೊಳ್ಳುವ ಗಾಜಿನ ಕೊಳವೆಯೊಂದನ್ನೂ ಆತ ಕಂಡುಹಿಡಿದ. ಕೋವಿಯನ್ನು ಕಂಡುಹಿಡಿದಾಗ ಹೊಗಳಿದ ಮಿತ್ರರು ಈ ಕೊಳವೆಯನ್ನು ಕಂಡು, ಇಷ್ಟು ದೊಡ್ಡ ಮನುಷ್ಯ ನಕಲಿ ವೈದ್ಯನಾದನಲ್ಲ ಎಂದು ಹಳಿದರಂತೆ. ಕೊಲ್ಲುವ ಯಂತ್ರ ಮಾಡಿದವನಿಗೆ ಮಾನ, ನೋವು ಕಳೆಯುವ ಯಂತ್ರ ಮಾಡಿದವನಿಗೆ ಅವಮಾನ ಎಂದು ಆತ ನೊಂದುಕೊಂಡದ್ದುಂಟು. ೧೯೦೧ರಲ್ಲಿ ಸರ್ ಪದವಿ ಬಂದದ್ದು ಕೊಳವೆಗಂತೂ ಅಲ್ಲ.

ಇನ್ನು ಈ ಕೋವಿಯ ಸದ್ದು ಮೊದಲು ಯಾರ ಮೇಲೆ ಎದ್ದಿತೆಂಬುದು. ಯೂರೋಪಿನವರು ಯೂರೋಪಿನವರ ಮೇಲೆ ಅದನ್ನು ತಿರುಗಿಸುವುದಕ್ಕೆ ಮುಂಚೆ, ಸುಮಾರು ಎರಡು ದಶಕಗಳ ಕಾಲ, ಅದು ಆಫ್ರಿಕ ಏಷ್ಯಗಳ ಜನರ ಮೇಲೆ ಉರಿಯಿತು. ೧೮೯೮ನೆಯ ಸೆಪ್ಟೆಂಬರ್ ೨ರಂದು ಸುಡಾನಿನ ಓಮ್ಡುರ್ಮಾನ್ ಬಳಿ ಕಿಚನರನ ಸೈನ್ಯದೆದುರು ಸುಮಾರು ಐವತ್ತು ಸಾವಿರ ಸುಡಾನೀಯರು ಬಯಲಿನಲ್ಲಿ ನೇರವಾಗಿ ನುಗ್ಗಿ ಬಂದರು. ಕಿಚನರನ ಬಳಿ ದಡದಲ್ಲಿಯೂ ನೈಲ್ ನದಿಯ ಯುದ್ಧನೌಕೆಗಳಲ್ಲಿಯೂ ಸೇರಿ ನಲವತ್ತಕ್ಕೂ ಹೆಚ್ಚು ಮ್ಯಾಕ್ಸಿಂ ಕೋವಿಗಳಿದ್ದವು; ಫಿರಂಗಿಗಳೂ ಬಂದೂಕುಗಳೂ ಬೇರೆ. ಮಧ್ಯಾಹ್ನದೊಳಗೆ ಎಲ್ಲವೂ ಮುಗಿಯಿತು. ಬಳಿಕ ಗೆದ್ದವರು ರಣರಂಗದಲ್ಲಿ ನಡೆದು ಹೆಣಗಳನ್ನು ಎಣಿಸಿದರು: ಹತ್ತು ಸಾವಿರಕ್ಕೂ ಮಿಕ್ಕಿತ್ತು. ಅವರ ಕಡೆ ಸತ್ತವರು ಐವತ್ತನ್ನೂ ಮುಟ್ಟಲಿಲ್ಲ. ಗದಾಯುದ್ಧದ ದುರ್ಯೋಧನನೂ ಹೆಣಗಳ ನಡುವೆ ನಡೆದನಷ್ಟೆ. ಅವನು ಎಣಿಸಲಿಲ್ಲ, ಗುರುತಿಸಿದನು.

ಓಮ್ಡುರ್ಮಾನಿಗಿಂತಲೂ ನನ್ನನ್ನು ಹೆಚ್ಚಾಗಿ ಕಾಡುವುದು ನಮ್ಮ ನೆರೆಯ ಟಿಬೆಟ್ಟಿನಲ್ಲಿ ನಡೆದ ಒಂದು ಪ್ರಸಂಗ. ಯಂಗ್‌ಹಸ್‌ಬೆಂಡನ ನೇತೃತ್ವದಲ್ಲಿ ಭಾರತದಿಂದ ಹೊರಟ ಬ್ರಿಟಿಷ್ ದಂಡು ೧೯೦೪ನೆಯ ಮಾರ್ಚ್ ೩೧ರಂದು ಗುರು ಎಂಬ ಹಳ್ಳಿಯ ಬಳಿ ಟಿಬೆಟ್ಟಿನವರನ್ನು ಎದುರಿಸಿತು. ಅವರ ಕೈಯಲ್ಲಿದ್ದುದು ಬತ್ತಿಯಿಂದ ಹೊತ್ತಿಸುವ ಹಳೆಯ ಕೋವಿ ಮತ್ತು ಕತ್ತಿ. ಅವರ ಆಯುಧಗಳನ್ನು ಕಿತ್ತುಕೊಳ್ಳುವ ಪ್ರಯತ್ನದಲ್ಲಿ ಗಲಭೆಯಾಗಿ ಗುಂಡು ಹಾರಿತು. ಮ್ಯಾಕ್ಸಿಂ ಕೋವಿಗಳು ಬಾಯಿತೆರೆದವು. ಆರೇಳು ನೂರು ಮಂದಿ ಸತ್ತರು. ಆಶ್ಚರ್ಯವೆಂದರೆ, ಉಳಿದವರು ಓಡಲಿಲ್ಲ. ಬೆನ್ನು ತಿರುಗಿಸಿ, ತಲೆತಗ್ಗಿಸಿ, ನಿಧಾನವಾಗಿ ನಡೆದು ಹೋದರು, ನಡೆಯುತ್ತಲೇ ಬಿದ್ದರು. ಕೋವಿಯನ್ನು ನಡೆಸುತ್ತಿದ್ದ ಇಂಗ್ಲಿಷ್ ಅಧಿಕಾರಿಗೇ ಆ ದೃಶ್ಯ ಅಸಹ್ಯವಾಗಿ, ತಾಯಿಗೆ ಬರೆದ ಕಾಗದದಲ್ಲಿ ಅದನ್ನು ತೋಡಿಕೊಂಡಿದ್ದಾನೆ. ಪಾಪ, ಅವನನ್ನೂ ನಾನು ಬರಿದೆ ದೂರಲಾರೆ.

ಇದನ್ನೆಲ್ಲ ಯೂರೋಪಿನ ಸೇನಾನಿಗಳು ಕಂಡಿದ್ದರು. ಕೆಲವರು ಕಣ್ಣಾರೆ, ಮಿಕ್ಕವರು ಕಾಗದದಲ್ಲಿ. ೧೯೦೪-೦೫ರಲ್ಲಿ ರಷ್ಯ ಜಪಾನುಗಳು ಹೊಡೆದಾಡಿದಾಗ ಪೋರ್ಟ್ ಆರ್ಥರಿನ ಸುತ್ತ ಮುಳ್ಳುತಂತಿಯ ಹಿಂದಿನಿಂದ ಮೆಷಿನ್‌ಗನ್ನು ಏನು ಮಾಡಬಲ್ಲುದೆಂಬುದನ್ನು ಅವರ ಪ್ರತಿನಿಧಿಗಳು ಅಲ್ಲಿಯೇ ನಿಂತು ನೋಡಿ ವರದಿ ಬರೆದರು. ಹೀಗಿದ್ದೂ ೧೯೦೭ರ ಬ್ರಿಟಿಷ್ ಅಶ್ವದಳದ ಶಿಕ್ಷಣಗ್ರಂಥವು, ಕುದುರೆಯ ವೇಗವೂ ತಣ್ಣನೆಯ ಉಕ್ಕಿನ ಭಯವೂ ಉಂಟುಮಾಡುವ ಪರಿಣಾಮವನ್ನು ಬಂದೂಕು ಎಂದಿಗೂ ಉಂಟುಮಾಡಲಾರದೆಂದು ಬೋಧಿಸಿತು. ೧೯೧೪ರಲ್ಲಿ ಬ್ರಿಟಿಷ್ ಕಾಲಾಳುಗಳ ಒಂದೊಂದು ಬೆಟಾಲಿಯನ್ನಿಗೆ, ಎಂದರೆ ಸುಮಾರು ಸಾವಿರ ಮಂದಿಗೆ, ಇದ್ದ ಮೆಷಿನ್‌ಗನ್ನುಗಳು ಕೇವಲ ಎರಡು. ಇದನ್ನು ಬರಿಯ ದಡ್ಡತನವೆಂದು ಬರೆದಿರುವ ಗ್ರಂಥಕರ್ತರುಂಟು. ನನಗೆ ಹಾಗೆ ತೋರುವುದಿಲ್ಲ. ಓಮ್ಡುರ್ಮಾನಿನಲ್ಲಿಯೂ ಗುರುವಿನಲ್ಲಿಯೂ ಬಿದ್ದವರು ಬೇರೆಯವರು. ಅವರು ಬಿದ್ದದ್ದು ಅವರ ಅನಾಗರಿಕತೆಯಿಂದಲೇ ಹೊರತು ಯಂತ್ರದ ಗುಣದಿಂದಲ್ಲ ಎಂದು ನಂಬಿದವರಿಗೆ, ತಾವೇ ಆ ಬಯಲಿನಲ್ಲಿ ನಡೆದು ಬರುವುದನ್ನು ಊಹಿಸಿಕೊಳ್ಳುವ ಶಕ್ತಿ ಇರಲಿಲ್ಲ. ಹೆಣಗಳನ್ನು ಎಣಿಸಿದ್ದರು, ಆದರೆ ಮನುಷ್ಯರ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ.

ಸೇರಿಸಿಕೊಳ್ಳಬೇಕಾಗಿ ಬಂದದ್ದು ೧೯೧೬ನೆಯ ಜುಲೈ ೧ರಂದು. ಫ್ರಾನ್ಸಿನ ಸೊಮ್ ನದಿಯ ಬಳಿ ಏಳು ದಿನ ಹಗಲಿರುಳೂ ಫಿರಂಗಿಗಳು ಜರ್ಮನರ ಕಂದಕಗಳ ಮೇಲೆ ಹದಿನೈದು ಲಕ್ಷಕ್ಕೂ ಹೆಚ್ಚು ಗುಂಡುಗಳನ್ನು ಸುರಿದಿದ್ದವು. ಎದುರಿನಲ್ಲಿ ಹುಳುವೂ ಬದುಕಿರಲಾರದೆಂದು ಸಿಪಾಯಿಗಳಿಗೆ ಹೇಳಿದ್ದರು. ಬೆಳಿಗ್ಗೆ ಏಳೂವರೆಗೆ ಸೀಟಿ ಊದಿತು. ಬೆನ್ನ ಮೇಲೆ ಮೂವತ್ತು ಕಿಲೋಗ್ರಾಮಿನಷ್ಟು ಹೊರೆ ಹೊತ್ತ ಸಿಪಾಯಿಗಳು ಕಂದಕದಿಂದ ಮೇಲಕ್ಕೆ ಬಂದು, ಬಹಳ ಕಡೆ ಸಾಲಾಗಿ, ನಡಿಗೆಯಿಂದಲೇ ಮುಂದುವರಿದರು. ಜರ್ಮನರು ನೆಲದಡಿಯ ಆಳವಾದ ಗುಹೆಗಳಿಂದ ಮೆಷಿನ್‌ಗನ್ನುಗಳನ್ನು ಹೊತ್ತು ಮೇಲೆ ಬಂದಿದ್ದರು. ಸಂಜೆಯ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು ೧೯,೨೪೦. ಗಾಯಗೊಂಡವರನ್ನೂ ಕಾಣೆಯಾದವರನ್ನೂ ಸೇರಿಸಿದರೆ ೫೭,೪೭೦. ಬೋಮಾಂಟ್ ಹ್ಯಾಮೆಲ್ ಎಂಬಲ್ಲಿ ನ್ಯೂಫೌಂಡ್‌ಲೆಂಡ್ ದ್ವೀಪದ ಪಡೆಯ ಸುಮಾರು ಎಂಟುನೂರು ಯುವಕರು ಮುಂದೆ ಹೋದರು. ಮಾರನೆಯ ದಿನ ಹಾಜರಿ ಕೂಗಿದಾಗ ಓಗೊಟ್ಟವರು ೬೮.

ಆ ಯುದ್ಧದಲ್ಲಿ ಒಟ್ಟಾರೆ ಹೆಚ್ಚು ಜನರನ್ನು ಕೊಂದದ್ದು ಫಿರಂಗಿಯೇ. ಆದರೆ ನಾಲ್ಕು ವರ್ಷಗಳ ಕಾಲ ಲಕ್ಷಾಂತರ ಜನರನ್ನು ಹೆಗ್ಗಣಗಳಂತೆ ನೆಲದೊಳಗೆ ಕೂಡಿಹಾಕಿದ್ದು ಮುಳ್ಳುತಂತಿ ಮತ್ತು ಮೆಷಿನ್‌ಗನ್ನು. ಇನ್ನೊಂದು ಮಾತು. ಜರ್ಮನರು ಹಾರಿಸುತ್ತಿದ್ದ ೧೯೦೮ರ ಮಾದರಿಯ ಕೋವಿಯೂ ಮ್ಯಾಕ್ಸಿಮನದೇ, ಇಂಗ್ಲಿಷರ ವಿಕರ್ಸ್ ಕೋವಿಯೂ ಅವನದೇ ಪರಿಷ್ಕಾರ, ರಷ್ಯನರದೂ ಅವನದೇ. ಸೊಮ್ ಕದನ ನವೆಂಬರ್ ೧೮ರಂದು ನಿಂತಿತು. ಕಿವಿ ಕೇಳದ ಮುದುಕ ಲಂಡನ್ನಿನಲ್ಲಿ ತೀರಿಕೊಂಡದ್ದು ಅದೇ ನವೆಂಬರ್ ೨೪ರಂದು.

ಕೋವಿಯ ಹಿಂದೆ ಕುಳಿತವನ ಕೆಲಸವನ್ನು ಓದುವಾಗ ನನಗೆ ನೆನಪಾದದ್ದು ಯೋಧನಲ್ಲ, ಗಿರಣಿಯ ಕೂಲಿಕಾರ. ಮುಕ್ಕಾಲಿಯ ಮೇಲೆ ಕೋವಿಯನ್ನು ಗೊತ್ತಾದ ದಿಕ್ಕಿಗೆ ಬಿಗಿದು ನಿಲ್ಲಿಸಿರುತ್ತಾರೆ. ಒಬ್ಬನು ತೋಟೆಗಳ ಪಟ್ಟಿಯನ್ನು ಊಡುತ್ತಾನೆ. ಇನ್ನೊಬ್ಬನು ಗುಂಡಿಯನ್ನೊತ್ತಿ, ಅಂಗೈಯಿಂದ ಕೋವಿಯ ಬದಿಗೆ ಮೆಲ್ಲನೆ ತಟ್ಟಿ, ಮತ್ತೆ ಒತ್ತಿ, ಮತ್ತೆ ತಟ್ಟಿ, ಹೀಗೆ ಎಡದಿಂದ ಬಲಕ್ಕೆ ಸಾಗುತ್ತಾನೆ. ಯಾರೊಬ್ಬನನ್ನೂ ಗುರಿಯಿಡಬೇಕಾದದ್ದಿಲ್ಲ. ನೀರು ಆರದಂತೆ, ಪಟ್ಟಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವುದೇ ಮುಖ್ಯ. ಅವನಲ್ಲಿ ಧೈರ್ಯವಿಲ್ಲವೆಂದಲ್ಲ, ತನ್ನ ಮೇಲೆ ಬೀಳುವ ಫಿರಂಗಿಯ ಗುಂಡುಗಳ ನಡುವೆ ಅಲ್ಲಾಡದೆ ಕುಳಿತಿರಲು ಧೈರ್ಯವೇ ಬೇಕು. ಆದರೆ ಆ ಧೈರ್ಯಕ್ಕೂ ಅವನು ಕೊಂದವರಿಗೂ ನಡುವೆ ಸಂಬಂಧವೇ ಕಡಿದುಹೋಗಿದೆ. ತುರುಗಳನ್ನು ಕಾಯುತ್ತ ಸತ್ತವನ ಹೆಸರನ್ನೂ ಊರನ್ನೂ ಕಲ್ಲಿನಲ್ಲಿ ಕೊರೆಸಿದ ನಾಡಿನವನಾದ ನನಗೆ ಇದು ಸುಲಭವಾಗಿ ಅರಗುವ ಸಂಗತಿಯಲ್ಲ.

ಆದರೂ ಒಂದು ಅಪವಾದವನ್ನು ಹೇಳಬೇಕು. ಅದಕ್ಕೆ ನಮ್ಮ ನಾಡಿನ ನಂಟೂ ಉಂಟು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದವರು ಜೋಧಪುರದ ಮತ್ತು ಮೈಸೂರಿನ ಭಲ್ಲೆಯ ಸವಾರರು. ಊರಿಗೆ ಹೋಗುವ ದಾರಿ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ಇವುಗಳ ನಡುವೆ ಇಕ್ಕಟ್ಟಾಗಿ ಸಾಗುತ್ತದೆ. ಬೆಟ್ಟದ ಮೇಲೆ ಫಿರಂಗಿ, ಬುಡದಲ್ಲಿ ತುರ್ಕರ ಮೆಷಿನ್‌ಗನ್ನುಗಳು. ಹಿಂದಿನ ದಿನ ಬಂದ ಕವಚದ ಮೋಟಾರುಗಳನ್ನು ಅವು ಹಿಮ್ಮೆಟ್ಟಿಸಿದ್ದವು. ಮೈಸೂರಿನ ಒಂದು ತುಕಡಿ ಇಂಗ್ಲಿಷ್ ಸವಾರರ ತುಕಡಿಯೊಂದರ ನೆರವಿನೊಡನೆ ಕಡಿದಾದ ಬೆಟ್ಟವನ್ನು ಹತ್ತಿ, ದಾರಿಯಲ್ಲಿ ಕುದುರೆಗಳು ಕುಂಟಿ ಬಿದ್ದ ಮೇಲೆ ಉಳಿದ ಬೆರಳೆಣಿಕೆಯ ಜನರೊಡನೆ ಮೇಲಿನ ಫಿರಂಗಿಗಳ ಮೇಲೆ ಬಿದ್ದಿತು. ಕೆಳಗೆ ಜೋಧಪುರದವರು ನಾಗಾಲೋಟದಲ್ಲಿ ನುಗ್ಗಿದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದನು. ನದಿಯ ಕಡೆ ಕುದುರೆಗಳು ಹೂಳುವುದನ್ನು ಕಂಡು ಅವರು ಎಡಕ್ಕೆ ತಿರುಗಿ ಮೆಷಿನ್‌ಗನ್ನುಗಳ ಮೇಲೆಯೇ ಏರಿಹೋದರು. ಗುಂಡು ತಗುಲಿದ ಕುದುರೆಗಳು ಕೂಡಲೇ ಬೀಳಲಿಲ್ಲ. ಎಷ್ಟೋ ಕುದುರೆಗಳು ಓಟವನ್ನು ಮುಗಿಸಿದ ಮೇಲೆ ಸತ್ತವು. ದಾರಿ ತೆರವಾದೊಡನೆ ಮೈಸೂರಿನ ಉಳಿದ ಸವಾರರೂ ಅವರ ಹಿಂದೆ ಊರೊಳಗೆ ನುಗ್ಗಿದರು. ಸೆರೆ ಸಿಕ್ಕವರು ೧,೩೫೦, ಫಿರಂಗಿಗಳು ೧೭, ಮೆಷಿನ್‌ಗನ್ನುಗಳು ೧೧. ಸತ್ತವರು ಎಂಟು ಜನ, ಗಾಯಗೊಂಡವರು ಮೂವತ್ತನಾಲ್ಕು. ಕುದುರೆಗಳು ಅರವತ್ತು ಸತ್ತವು.

ಇದನ್ನು ಓದಿದಾಗ ಎದೆ ಉಬ್ಬಲಿಲ್ಲವೆಂದರೆ ಸುಳ್ಳಾದೀತು. ಆದರೆ ಉಬ್ಬಿದ ಎದೆಯಿಂದ ಲೆಕ್ಕ ತಪ್ಪಬಾರದು. ಜೋಧಪುರದವರು ನುಗ್ಗುವಾಗ ಶತ್ರುವಿನ ತಲೆ ಮೇಲೇಳದಂತೆ ಗುಂಡಿನ ಆಸರೆ ಕೊಟ್ಟವರಲ್ಲಿ ಮೈಸೂರಿನ ಸವಾರರೂ ಇದ್ದರು. ಆ ಆಸರೆಯಲ್ಲಿ ನಮ್ಮ ಕಡೆಯ ಮೆಷಿನ್‌ಗನ್ನುಗಳೂ ಇದ್ದವು. ಎದುರಿನಲ್ಲಿದ್ದುದು ನಾಲ್ಕು ದಿನಗಳಿಂದ ಎಲ್ಲೆಡೆ ಸೋಲುತ್ತಿದ್ದ ಸೈನ್ಯ. ಮುಳ್ಳುತಂತಿಯ ಸಾಲುಸಾಲು ಬೇಲಿಗಳಿರಲಿಲ್ಲ. ಅದೇ ಸವಾರರನ್ನು ಸೊಮ್ ನದಿಯ ಬಯಲಿಗೆ ಒಯ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಭಲ್ಲೆಯ ಸವಾರರ ಸ್ಮಾರಕಸ್ತಂಭವಿದೆ. ಆ ದಾರಿಯಲ್ಲಿ ಹಲವು ಸಲ ಹೋಗಿದ್ದರೂ ನಾನು ನಿಂತು ನೋಡಿದ್ದು ಈ ವಿಷಯ ಓದಿದ ಬಳಿಕವೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ದಿಲ್ಲಿಯ ತೀನ್‌ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರರ ನೆನಪಿಗಾಗಿಯೇ.

ಹೈಫಾ ಬಿದ್ದು ಏಳು ತಿಂಗಳೂ ಕಳೆದಿರಲಿಲ್ಲ. ೧೯೧೯ನೆಯ ಏಪ್ರಿಲ್ ೧೩ರಂದು ಡಯರನು ಅಮೃತಸರದ ಜಲಿಯನ್‌ವಾಲಾ ಬಾಗಿಗೆ ಬಂದಾಗ ತನ್ನೊಡನೆ ಮೆಷಿನ್‌ಗನ್ನುಗಳಿದ್ದ ಎರಡು ಕವಚದ ಮೋಟಾರುಗಳನ್ನು ತಂದಿದ್ದನು. ಬಾಗಿಗೆ ಹೋಗುವ ಓಣಿ ಕಿರಿದಾಗಿದ್ದುದರಿಂದ ಅವು ಒಳಗೆ ಬರಲಾಗಲಿಲ್ಲ. ಬಂದೂಕುಗಳಿಂದಲೇ ೧,೬೫೦ ಗುಂಡು ಹಾರಿಸಿದರು. ಸರಕಾರದ ಲೆಕ್ಕದಲ್ಲಿ ಸತ್ತವರು ೩೭೯, ಜನರ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮೋಟಾರುಗಳು ಒಳಗೆ ಬಂದಿದ್ದರೆ ಮೆಷಿನ್‌ಗನ್ನು ಬಳಸುತ್ತಿದ್ದೆಯಾ ಎಂದು ವಿಚಾರಣಾ ಸಮಿತಿ ಕೇಳಿದಾಗ, ಬಹುಶಃ ಬಳಸುತ್ತಿದ್ದೆನೆಂದು ಆತ ಉತ್ತರಕೊಟ್ಟ. ಓಣಿಯ ಅಗಲದ ಮೇಲೆ ಎಷ್ಟು ಜನರ ಪ್ರಾಣ ನಿಂತಿತ್ತು!

ಮುಂದಿನದನ್ನು ಬೇಗ ಹೇಳಿಬಿಡಬಹುದು. ಮೆಷಿನ್‌ಗನ್ನಿನೆದುರು ನಡೆಯಲಾಗದೆಂದು ೧೯೧೬ರ ಸೆಪ್ಟೆಂಬರಿನಲ್ಲಿ ಟ್ಯಾಂಕನ್ನು ತಂದರು. ಆ ಟ್ಯಾಂಕಿನೊಳಗೂ ಮೆಷಿನ್‌ಗನ್ನನ್ನೇ ಕೂರಿಸಿದರು. ವಿಮಾನದಲ್ಲಿ ತಿರುಗುವ ರೆಕ್ಕೆಗೆ ತಾಗದಂತೆ ಗುಂಡು ಹಾರಿಸುವ ಉಪಾಯವೂ ೧೯೧೫ರಲ್ಲಿಯೇ ಬಂದಿತ್ತು. ಲೂಯಿಸ್ ಕೋವಿಯಂಥ, ಒಬ್ಬನೇ ಹೊತ್ತು ಓಡಬಲ್ಲ ಹಗುರ ಮಾದರಿಗಳು ಬಂದ ಮೇಲೆ ಒಂದು ಜಾಗದಲ್ಲಿ ಕುಳಿತಿರುತ್ತಿದ್ದ ಯಂತ್ರವೇ ಸಿಪಾಯಿಗಳೊಡನೆ ನಡೆಯತೊಡಗಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನರ ೧೯೪೨ರ ಮಾದರಿ ನಿಮಿಷಕ್ಕೆ ಸುಮಾರು ೧,೨೦೦ ಗುಂಡು ಹಾರಿಸುತ್ತಿತ್ತು. ನಮ್ಮ ಸೈನ್ಯ ಬಹುಕಾಲ ಬಳಸಿದ ಬ್ರೆನ್ ಕೋವಿಯ ಹೆಸರು ಜೆಕ್ ದೇಶದ ಬರ್ನೊ ಮತ್ತು ಇಂಗ್ಲೆಂಡಿನ ಎನ್‌ಫೀಲ್ಡ್, ಈ ಎರಡು ಊರುಗಳ ಹೆಸರನ್ನು ಕತ್ತರಿಸಿ ಹೊಲಿದದ್ದು. ಭಾಷೆಯಲ್ಲಿ ಆಸಕ್ತಿಯುಳ್ಳವರಿಗೆಂದು ಹೇಳಿದೆ. ವಿಚಿತ್ರವೆಂದರೆ ಇಷ್ಟೆಲ್ಲ ಬಂದ ಮೇಲೆಯೂ ಹಳೆಯದು ಸಾಯಲಿಲ್ಲ. ೨೦೨೨ರಲ್ಲಿ ರಷ್ಯ ದಂಡೆತ್ತಿ ಬಂದ ಮೇಲೆ ಉಕ್ರೇನಿನ ಸೈನಿಕರು ೧೯೧೦ರ ಮಾದರಿಯ ಮ್ಯಾಕ್ಸಿಂ ಕೋವಿಗಳನ್ನು ಉಗ್ರಾಣದಿಂದ ತೆಗೆದು, ಕೆಲವು ಕಡೆ ಎರಡೆರಡನ್ನು ಜೋಡಿಸಿ, ಆಕಾಶದಲ್ಲಿ ಬರುವ ಡ್ರೋನ್‌ಗಳ ಮೇಲೆ ಹಾರಿಸಿದ್ದಾರೆ.

ಲಂಡನ್ನಿನ ಹೈಡ್ ಪಾರ್ಕ್ ಕಾರ್ನರಿನಲ್ಲಿ ೧೯೨೫ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ, ಮೆಷಿನ್‌ಗನ್ ದಳದವರದು. ಅದರ ಚಿತ್ರವನ್ನಷ್ಟೇ ನಾನು ನೋಡಿರುವುದು. ಶಿಲ್ಪಿಯು ಅಲ್ಲಿ ಮೆಷಿನ್‌ಗನ್ನಿನವನನ್ನು ನಿಲ್ಲಿಸಲಿಲ್ಲ. ಬೈಬಲಿನ ದಾವೀದನನ್ನು, ಬೆತ್ತಲೆ ತರುಣನನ್ನು, ಗೋಲಿಯಾತನ ಕತ್ತಿಯನ್ನು ಹಿಡಿಸಿ ನಿಲ್ಲಿಸಿದ. ಇಕ್ಕೆಲದಲ್ಲಿ ಎರಡು ವಿಕರ್ಸ್ ಕೋವಿಗಳು, ಕಂಚಿನ ಹೊದಿಕೆ, ಮೇಲೆ ವಿಜಯಮಾಲೆ. ಕೆಳಗೆ ಬೈಬಲಿನ ಮಾತೊಂದನ್ನು ಕೊರೆದಿದ್ದಾರೆ: ಸೌಲನು ಕೊಂದದ್ದು ಸಾವಿರಾರು, ದಾವೀದನು ಕೊಂದದ್ದು ಹತ್ತಾರು ಸಾವಿರ ಎಂಬ ಅರ್ಥದ ಮಾತು. ಹೀಬ್ರೂ ಹೆಂಗಸರು ಕುಣಿಯುತ್ತ ಹಾಡಿದ್ದಾಗ ಅದು ಅತಿಶಯೋಕ್ತಿ. ಮೆಷಿನ್‌ಗನ್ ದಳದ ಸ್ಮಾರಕದ ಮೇಲೆ ಅದು ಅಲಂಕಾರವಾಗಿ ಉಳಿದಿಲ್ಲ.

ಈ ವರ್ಷವೂ ಅದೇ ಭಾಗವನ್ನು ಪಾಠ ಹೇಳಬೇಕಾಯಿತು. ಹಿಂದಿನ ವರ್ಷದ ಆ ಹುಡುಗ ಈಗ ಮೇಲಿನ ತರಗತಿಯಲ್ಲಿದ್ದಾನೆ. ಹೇಳಿ ಕಳುಹಿಸಿ ಕರೆಸಿ ಕೂರಿಸಿಕೊಂಡೆ. ಅಂದು ಕೊಟ್ಟ ಉತ್ತರ ಅರ್ಧವೇ ಸರಿಯೆಂದು ಎಲ್ಲರೆದುರಿಗೆ ಹೇಳಿ, ಸೊಮ್ ಬಯಲಿನ ತೀಪ್ವಾಲ್ ಎಂಬಲ್ಲಿರುವ ಸ್ಮಾರಕದ ಸಂಗತಿಯನ್ನು ತಿಳಿಸಿದೆ. ಎಲ್ಲಿ ಬಿದ್ದರೆಂದು ಗುರುತೇ ಸಿಗದ ೭೨,೦೦೦ಕ್ಕೂ ಹೆಚ್ಚು ಜನರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೊರೆದಿದ್ದಾರೆ. ಹೆಸರುಗಳಿವೆ, ದೇಹಗಳಿಲ್ಲ. ದುರ್ಯೋಧನ ಆ ಬಯಲಿನಲ್ಲಿ ನಡೆದಿದ್ದರೆ ಯಾರ ಮುಂದೆ ನಿಲ್ಲುತ್ತಿದ್ದ ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, "ಸಾರ್, ಇದು ಪರೀಕ್ಷೆಗೆ ಬರುತ್ತದೆಯೆ?" ಎಂದು ಕೇಳಿದಳು. ಬರುವುದಿಲ್ಲವೆಂದು ಹೇಳಿ, ಮುಂದಿನ ಪದ್ಯವನ್ನು ತೆಗೆದುಕೊಂಡೆ.